ಮೀಟರ್ ಹೇಳಿದ್ದು ಸುಳ್ಳಲ್ಲ

ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಸೋತು ಬಂದ ಮೆಕ್ಯಾನಿಕ್, ಕೈಕಾಲು ತೊಳೆದವನೇ ಬಿಸ್ಕತ್ತಿನ ಡಬ್ಬಿಯೊಂದನ್ನು ಹತ್ತಿರಕ್ಕೆ ಎಳೆದುಕೊಂಡ. ಅದರೊಳಗೆ ಅವನೇ ಕಟ್ಟಿದ ಮೀಟರ್ ಇತ್ತು. ತನ್ನ ಹವ್ಯಾಸಿ ರೇಡಿಯೊದಿಂದ ಹೊರಟ ಶಕ್ತಿಯಲ್ಲಿ ಎಷ್ಟು ಪಾಲು ಆಂಟೆನಾಗೆ ಹೋಗದೆ ವಾಪಸ್ ಬರುತ್ತದೆಂದು ಅದು ತೋರಿಸಬೇಕಿತ್ತು. ಎರಡು ಸಲ ಕಟ್ಟಿದಾಗಲೂ ಎಲ್ಲವೂ ವಾಪಸ್ ಎಂದೇ ತೋರಿಸಿದ್ದರಿಂದ ಬಿಚ್ಚಿಹಾಕಿದ್ದ. ಮೂರನೆಯ ಸಲವೂ ಮುಳ್ಳು ಕೊನೆಗೇ ಹೋಗಿ ನಿಂತಿತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಪಾಪ, ಅದನ್ನ ಎಷ್ಟು ಸಲ ಬೈತೀರಿ? ಒಮ್ಮೆ ಮೇಲೆ ಹತ್ತಿ ನೋಡಿ" ಎಂದಳು ಹೆಂಡತಿ.

"ಹತ್ತಿ ಇಳಿಯೋದೇ ಆಯ್ತು ನನ್ ಬಾಳು" ಎಂದು ಗೊಣಗುತ್ತ ಅವನು ತಾರಸಿಗೆ ಹೋದ. ಆಂಟೆನಾ ಸೇರುವಲ್ಲಿ ತಂತಿ ಕಿಲುಬು ಹಿಡಿದು ತುಂಡಾಗಿತ್ತು.

ತನ್ನ ದನಿ ಈ ತಾರಸಿ ದಾಟಿಯೇ ಇರಲಿಲ್ಲ. ಬೇರೆ ಊರಿನಲ್ಲಿ ಇಂಥದೇ ರೇಡಿಯೊ ಇಟ್ಟುಕೊಂಡಿದ್ದ ಅಣ್ಣನ ದನಿ ಎಂಟು ತಿಂಗಳಿಂದ ಕ್ಷೀಣವಾಗಿ ಕೇಳುತ್ತಿತ್ತು. ಎಲ್ಲರೊಡನೆ ಮಾತಾಡುವ ಅಣ್ಣ ತಾನು ಕರೆದರೆ ಮಾತ್ರ ಓಗೊಡುವುದಿಲ್ಲವೆಂದು ಮುನಿದು, ಫೋನನ್ನೂ ಮಾಡಿರಲಿಲ್ಲ.

ತಂತಿ ಬೆಸೆದು ಕೆಳಗಿಳಿದು ಕರೆದ. ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ.

"ಬದುಕಿದ್ದೀಯೇನೋ!" ಎಂದ ಅಣ್ಣ. "ನೀನೇ ಮುನಿಸ್ಕೊಂಡೆ ಅಂದ್ಕೊಂಡಿದ್ದೆ."

ಹೇಳುವುದು ಬೇಕಾದಷ್ಟಿತ್ತು, ಆದರೆ ಕಣ್ಣು ಎಳೆಯುತ್ತಿತ್ತು.

"ತಂತಿ ಕಿತ್ತೋಗಿತ್ತಣ್ಣ" ಎಂದಷ್ಟೇ ಹೇಳಿದ.

"ದನಿ ಬಹಳ ಸೋತಿದೆ ಕಣೋ. ಹೋಗಿ ಉಂಡು ಮಲಕ್ಕೋ. ನಾಳೆ ನಾನೇ ಕರೀತೀನಿ."