ಅತ್ತೆ ಕಲಿಸಿದ ಶ್ಯಾವಿಗೆ ಸಾರು

ನೊಯೆಮಿ ಮನೆ ಬಿಟ್ಟು ಹೋದದ್ದು ಅಕ್ಟೋಬರಿನ ಒಂದು ಶನಿವಾರ, ಹಾಡುಹಗಲಲ್ಲಿ, ಎರಡು ಸೂಟ್‌ಕೇಸ್ ಮತ್ತು ತನ್ನ ಹೊಲಿಗೆ ಯಂತ್ರದ ಜೊತೆ. ಯಂತ್ರವನ್ನು ಟ್ಯಾಕ್ಸಿಗೆ ಎತ್ತಿಟ್ಟವನು ಅವಳ ಗಂಡ ಕಾಸಿಮೀರೊನೇ. ಅವರ ಊರಾದ ಅಪಿಸಾಕೊದ ಕಂಬಳಿ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುವ ಅವನಿಗೆ ಭಾರ ಎತ್ತಿ ಅಭ್ಯಾಸ. ಅವಳ ಕೈಯಿಂದ ಎಲ್ಲಿ ಜಾರೀತೋ ಎಂದು ಹೆದರಿ ತಾನೇ ಮುಂದೆ ಬಂದಿದ್ದ.

ಹತ್ತೊಂಬತ್ತು ವರ್ಷದ ಸಂಸಾರ. ಮಕ್ಕಳಾಗಿರಲಿಲ್ಲ. ಜಗಳವೂ ಹೆಚ್ಚು ಇರಲಿಲ್ಲ, ಮಾತೇ ಕಡಿಮೆಯಿತ್ತು. ಹತ್ತಿರದ ಪ್ವೆಬ್ಲಾ ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಎವೇಲಿಯೊ ಎಂಬ ವಿಧುರನಿಗೆ ನೊಯೆಮಿ ಪರದೆ ಹೊಲಿದುಕೊಡುತ್ತಿದ್ದಳು. ಈಗ ಅವನ ಮನೆಗೇ ಹೊರಟಿದ್ದಳು.

ಅವಳ ತಾಯಿ ಅಂಪಾರೊ ಎಂಟು ವರ್ಷದಿಂದ ಮಗಳು ಅಳಿಯನ ಜೊತೆಗಿದ್ದವಳು. ಟ್ಯಾಕ್ಸಿಯವನು ಹಾರ್ನ್ ಹೊಡೆದರೂ ಅವಳು ಕುರ್ಚಿಯಿಂದ ಏಳಲಿಲ್ಲ.

"ಅಮ್ಮಾ, ನಿನ್ನ ಬಟ್ಟೆನೂ ಕಟ್ಟಿದೀನಿ. ಏಳು."

"ಬಿಚ್ಚಿಡು. ನಿಂಗೆ ಗಂಡ ಬೇಡವಾದ್ರೆ ಬೇಡ. ನಂಗೆ ಅಳಿಯ ಬೇಕು."

ಬೀದಿಯಲ್ಲಿ ನಗೆಯೋ ನಗೆ. ಮೂಲೆಯ ರೊಟ್ಟಿ ಅಂಗಡಿಯವಳು ಬಿಸಿ ಮೆಕ್ಕೆಜೋಳದ ರೊಟ್ಟಿ ಸುತ್ತಿ ಕೊಡುತ್ತಾ ಕಾಸಿಮೀರೊನನ್ನು ಕೆಣಕಿದಳು: "ಹೆಂಡ್ತಿ ಇರ್ಲಿ, ಅತ್ತೆ ಹೋಗ್ಲಿ ಅಂತ ಜನ ಮೊಂಬತ್ತಿ ಹಚ್ತಾರೆ. ನೀನು ಯಾವ ಸಂತನಿಗೆ ಹಚ್ಚಿದ್ಯಪ್ಪಾ, ಉಲ್ಟಾ ವರ ಕೊಟ್ಟಿದಾನೆ!" ಅವನೂ ನಕ್ಕ. ಮನೆಗೆ ಬಂದು ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಅದು ತಣ್ಣಗಾಗುವ ತನಕ ಸುಮ್ಮನೆ ಕೂತಿದ್ದ.

ಅಂಪಾರೊಗೆ ಎಪ್ಪತ್ತಾರು. ಮಂಡಿ ಊದಿ ನಿಲ್ಲಲಾಗುತ್ತಿರಲಿಲ್ಲ, ಎಡಗಣ್ಣಿಗೆ ಪೊರೆ ಬಂದಿತ್ತು. ಒಂದು ತಿಂಗಳು ಹೇಗೋ ಗೋಡೆ ಹಿಡಿದು ಅಡುಗೆ ಮಾಡಿದಳು. ನವೆಂಬರಿನ ಒಂದು ಬೆಳಿಗ್ಗೆ ಅಳಿಯನನ್ನು ಒಲೆಯ ಮುಂದೆ ನಿಲ್ಲಿಸಿ, ತಾನು ಕುರ್ಚಿ ಎಳೆದು ಕೂತಳು.

"ಮಗ್ಗದಲ್ಲಿ ಸಾವಿರ ಎಳೆ ನೋಡ್ಕೋತೀಯ. ಒಂದು ಹಿಡಿ ಶ್ಯಾವಿಗೆ ನೋಡ್ಕೊಳಕ್ಕೆ ಆಗಲ್ವಾ? ಎಣ್ಣೆ ಬಿಡು. ಕಾಯ್ಲಿ. ಈಗ ಹಾಕು. ಕೈಯಾಡಿಸ್ತಾ ಇರು."

ಅವನು ಕೈಯಾಡಿಸಿದ. ಹೊರಗೆ ಟ್ಯಾಕ್ಸಿಯೊಂದು ನಿಂತ ಸದ್ದಾಯಿತು. ಕಿಟಕಿಯತ್ತ ತಿರುಗಿದ. ಇಳಿದವರು ಎದುರುಮನೆಯವರು. ಮತ್ತೆ ಬಾಣಲೆ ನೋಡುವಷ್ಟರಲ್ಲಿ ಹೊಗೆ.

"ಇದು ಶ್ಯಾವಿಗೆಯಲ್ಲ, ಪಾದ್ರಿಯ ಕರಿ ನಿಲುವಂಗಿ!" ಎಂದಳು ಅಂಪಾರೊ. "ಚೆಲ್ಲು. ಇನ್ನೊಂದು ಪೊಟ್ಟಣ ತೆಗಿ."

ಎರಡನೆಯ ಸಲ ಕಣ್ಣು ಕೀಳಲಿಲ್ಲ. ಶ್ಯಾವಿಗೆ ಹಳದಿಯಿಂದ ಹೊಂಬಣ್ಣಕ್ಕೆ, ಅಲ್ಲಿಂದ ಹುರಿದ ಕಡಲೆಕಾಯಿಯ ಬಣ್ಣಕ್ಕೆ ತಿರುಗಿತು. "ಈಗ! ಈಗ!" ಎಂದು ಅವಳು ಕೂಗಿದಾಗ, ಈರುಳ್ಳಿ ಬೆಳ್ಳುಳ್ಳಿ ಸೇರಿಸಿ ಮಿಕ್ಸಿಯಲ್ಲಿ ತಿರುವಿಟ್ಟಿದ್ದ ಟೊಮೆಟೊವನ್ನು ಸುರಿದ. ಬಾಣಲೆ ಚೊರ್ ಎಂದು ಸಿಡಿದು ಅವನ ಅಂಗಿಯೆಲ್ಲ ಕೆಂಪು ಚುಕ್ಕೆಯಾಯಿತು. ಹಸಿವಾಸನೆ ಹೋಗಿ ಟೊಮೆಟೊ ಗಾಢವಾದ ಮೇಲೆ ಕೋಳಿ ಬೇಯಿಸಿದ ನೀರು, ಆಲೂಗೆಡ್ಡೆ, ಬಿಡಿಸಿಟ್ಟ ಕೋಳಿಮಾಂಸ, ಹೊಗೆಯಲ್ಲಿ ಒಣಗಿಸಿದ ಒಂದು ಮೆಣಸಿನಕಾಯಿ, ಒಂದು ಕಡ್ಡಿ ಕೊತ್ತಂಬರಿ. ಅಭ್ಯಾಸಬಲದಿಂದ ಮತ್ತೆ ಸೌಟು ಹಾಕಹೋದಾಗ ಅಂಪಾರೊ ಊರುಗೋಲಿನಿಂದ ಅವನ ಮೊಣಕೈಗೆ ತಟ್ಟಿದಳು.

"ಹುರಿಯೋವಾಗ ಬಿಡ್ಬಾರ್ದು, ಕುದಿಯೋವಾಗ ಮುಟ್ಬಾರ್ದು. ಕದಡಿದ್ರೆ ಗಂಜಿ ಆಗತ್ತೆ. ಉರಿ ಸಣ್ಣ ಮಾಡು, ಮುಚ್ಚು, ದೂರ ನಿಂತ್ಕೋ."

ಬಟ್ಟಲಿಗೆ ಬಡಿಸಿ, ನಿಂಬೆಹಣ್ಣು ಹಿಂಡಿ, ಮೇಲೆ ಬೆಣ್ಣೆಹಣ್ಣಿನ ಹೋಳು, ಪುಡಿ ಮಾಡಿದ ಚೀಸ್ ಹಾಕಿಕೊಟ್ಟ. ಅವಳು ಮೂರು ಚಮಚ ತಿಂದು, "ಉಪ್ಪು ಕಮ್ಮಿ" ಎಂದಳು. ಬಟ್ಟಲನ್ನು ಮಾತ್ರ ಖಾಲಿ ಮಾಡಿದಳು.

ಪ್ರತಿ ಭಾನುವಾರ ಎರಡು ಗಂಟೆಗೆ ನೊಯೆಮಿ ತಾಯಿಯನ್ನು ನೋಡಲು ಪ್ವೆಬ್ಲಾದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನಾಲ್ಕಕ್ಕೆ ಹೊರಡುತ್ತಿದ್ದಳು. ಆ ದಿನ ಕಾಸಿಮೀರೊ ಹನ್ನೆರಡಕ್ಕೇ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಏನೂ ವಿಶೇಷವಿಲ್ಲದವನಂತೆ ಅಂಗಳದ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಡಿಸೆಂಬರಿನ ಮೊದಲ ಭಾನುವಾರ ಅವನೇ ಶ್ಯಾವಿಗೆ ಸಾರು ಮಾಡಿದ. ಬೆಳಿಗ್ಗೆ ಎದ್ದವನೇ ಕೋಳಿ ಬೇಯಲು ಇಟ್ಟಿದ್ದ.

ನೊಯೆಮಿ ಎರಡನೆಯ ಬಟ್ಟಲು ಕೇಳಿ ಹಾಕಿಸಿಕೊಂಡಳು. "ಅಮ್ಮಾ, ನಿನ್ನ ಕೈರುಚಿ ಒಂಚೂರೂ ಬದಲಾಗಿಲ್ಲ."

"ನನ್ನ ಕೈ ಅಲ್ಲ. ಅವ್ನದು."

ನೊಯೆಮಿ ಚಮಚ ಕೆಳಗಿಟ್ಟಳು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೆನ್ನು ತಿರುಗಿಸಿ ನಿಂತಳು. ಕಾಸಿಮೀರೊ ಹಿಂದೆಯೇ ಹೋದ.

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದಕ್ಕೇ ಅಳು ಬರ್ತಿರೋದು." ಮೂಗು ಒರೆಸಿಕೊಂಡಳು. "ಹತ್ತೊಂಬತ್ತು ವರ್ಷ, ಕಾಸಿ. ಜ್ವರ ಬಂದು ಮಲಗಿದ್ದಾಗ್ಲೂ ನೀನು ಒಲೆ ಹಚ್ಚಿದ್ದು ನೋಡ್ಲಿಲ್ಲ ನಾನು. ಅಡುಗೆ ಬರಲ್ಲ ಅಂತಿದ್ದೆ ನೀನು. ನಾನೂ, ಪಾಪ, ಬರಲ್ಲ ಅಂತ ನಂಬಿದ್ದೆ."

ಅವಳು ಒಳಗೆ ಹೋಗಿ ತಾಯಿಯ ಕೆನ್ನೆಗೆ ಮುತ್ತಿಟ್ಟು, ಮೂರು ಗಂಟೆಯ ಬಸ್ಸಿಗೇ ಹೊರಟುಬಿಟ್ಟಳು.

ನೊಂದವನಿಗೆ ಕಣ್ಣೀರು ಕಂಡರೆ ಸಾಕು, ತನಗೆ ಬೇಕಾದ ಅರ್ಥವನ್ನೇ ಅದರಲ್ಲಿ ಓದಿಕೊಳ್ಳುತ್ತಾನೆ. ಅವಳು ಅತ್ತಳಲ್ಲ, ಅಂದರೆ ಇನ್ನೂ ಏನೋ ಉಳಿದಿದೆ ಎಂದುಕೊಂಡ ಕಾಸಿಮೀರೊ. ಆ ವಾರವೆಲ್ಲ ಗಿರಣಿಯಲ್ಲಿ ಸಿಳ್ಳೆ ಹಾಕುತ್ತಾ ಕೆಲಸ ಮಾಡಿದ. ಭಾನುವಾರದಂತೆ ಗುರುವಾರವೂ ಅವನಿಗೆ ರಜೆ. ಒಂದು ಡಬ್ಬ ಬಣ್ಣ ತಂದು, ಹೊಲಿಗೆ ಯಂತ್ರ ಇರುತ್ತಿದ್ದ ಮೂಲೆಯ ಗೋಡೆಗೆ ಸ್ಟೂಲು ಹತ್ತಿ ಬಳಿಯತೊಡಗಿದ. ಅವಳಿಗೆ ಇಷ್ಟವಾದ ತಿಳಿಹಸಿರು.

ಅಂಪಾರೊ ಬಾಗಿಲಲ್ಲಿ ನಿಂತು ನೋಡಿದಳು. "ಏನಿದು?"

"ಗೋಡೆ ಕೊಳೆಯಾಗಿತ್ತು ಅತ್ತೆ."

"ನಾಲ್ಕು ಗೋಡೇಲಿ ಅದೊಂದೇ ಕೊಳೆಯಾಗಿತ್ತಾ?"

ಅವನು ಕುಂಚ ಅದ್ದಿದ. ಅವಳು ಊರುಗೋಲು ಊರುತ್ತಾ ಬಂದು ಮಂಚದ ಅಂಚಿನಲ್ಲಿ ಕೂತಳು.

"ಮಗಾ, ಇಳಿ ಕೆಳಗೆ. ಜನವರೀಲಿ ಮೂರು ರಾಜರ ಹಬ್ಬ ಮುಗಿದ್ಮೇಲೆ ನಾನು ನೊಯೆಮಿ ಹತ್ರ ಹೋಗ್ತೀನಿ."

"ಯಾಕತ್ತೆ? ನನ್ನಿಂದ ಏನಾದ್ರೂ ತಪ್ಪಾಯ್ತಾ? ಉಪ್ಪಾ? ಔಷಧಿ ಯಾವತ್ತಾದ್ರೂ ಮರ್ತೆನಾ?"

"ನಾನು ಇಲ್ಲಿರೋ ತನಕ ಅವ್ಳು ಬರ್ತಾಳೆ. ಅವ್ಳು ಬರೋ ತನಕ ನೀನು ಗಡ್ಡ ಹೆರ್ಕೊಂಡು ಮೆಟ್ಟಿಲ ಮೇಲೆ ಕೂತಿರ್ತೀಯ. ನನ್ನನ್ನ ಗಾಳಕ್ಕೆ ಸಿಗಿಸಿದ ಹುಳ ಮಾಡ್ಕೊಂಡಿದೀಯ ಕಣೋ."

"ಹಂಗೆ ಯಾವತ್ತೂ ಅನ್ಕೊಂಡಿಲ್ಲ ಅತ್ತೆ."

"ಗೊತ್ತು. ಅನ್ಕೊಂಡಿದ್ರೆ ಅವತ್ತೇ ಹೋಗ್ತಿದ್ದೆ." ಅವನ ಬಣ್ಣದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಹಸ್ಕೊಂಡು ಬೀಳ್ದಿರ್ಲಿ ಅಂತ ಸಾರು ಕಲಿಸ್ದೆ. ಅದನ್ನಿಟ್ಕೊಂಡು ಅವ್ಳನ್ನ ಕರೀತೀಯ ಅಂತ ಗೊತ್ತಿದ್ರೆ ಕಲಿಸ್ತಿರ್ಲಿಲ್ಲ. ಅವ್ಳು ಬರಲ್ಲ, ಮಗಾ. ನನ್ನ ಹೊಟ್ಟೇಲಿ ಹುಟ್ಟಿದವ್ಳು. ನಂಗೆ ಗೊತ್ತು."

ಅವನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತ. ತಿಳಿಹಸಿರು ಬಣ್ಣ ಅವಳ ಲಂಗಕ್ಕೆ ಹತ್ತಿತು. ಅದನ್ನು ಒಗೆದರೂ ಹೋಗಲಿಲ್ಲ.

ಜನವರಿ ಎರಡನೆಯ ವಾರ ಎವೇಲಿಯೊನ ವ್ಯಾನು ಬಂದು ಅವಳನ್ನು ಕರೆದೊಯ್ದಿತು. ಆಮೇಲೆ ಭಾನುವಾರ ಯಾರೂ ಬರಲಿಲ್ಲ. ಆದರೆ ಗುರುವಾರ ಗುರುವಾರ ಪ್ವೆಬ್ಲಾದ ಆ ಮನೆಯ ಹತ್ತಿರದ ಸಣ್ಣ ಚೌಕದಲ್ಲಿ ಅಂಪಾರೊ ಬೆಂಚಿನ ಮೇಲೆ ಕಾದಿರುತ್ತಿದ್ದಳು. ಮಗಳು ಅವಳನ್ನು ಅಲ್ಲಿ ಕೂರಿಸಿ, ಕಾಸಿಮೀರೊನ ಬಸ್ಸು ಬರುವ ಮುಂಚೆ ಹೊರಟುಹೋಗಬೇಕು. ಅದು ಮುದುಕಿಯೇ ಹಾಕಿದ ಕಟ್ಟಳೆ.

ಮೊದಲ ಗುರುವಾರ ಅವನು ಸ್ಟೀಲ್ ಡಬ್ಬಿಯಲ್ಲಿ ಸಾರು ಒಯ್ದ. ಮುಚ್ಚಳ ತೆಗೆದರೆ ಸಾರೇ ಇಲ್ಲ. ದಾರಿಯಲ್ಲಿ ಶ್ಯಾವಿಗೆ ಅಷ್ಟನ್ನೂ ಹೀರಿ ಉಬ್ಬಿ ಗಟ್ಟಿಮುದ್ದೆಯಾಗಿತ್ತು. ಅಂಪಾರೊ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚಾಕು ತಂದಿದೀಯಾ, ಕೊಯ್ದು ಕೊಡಕ್ಕೆ?" ಆದರೂ ತಿಂದಳು. "ಮುಂದಿನ ವಾರ ನೀರು ಬೇರೆ ತಾ, ಪೆದ್ದ." ಮುಂದಿನ ವಾರದಿಂದ ಶ್ಯಾವಿಗೆ ಡಬ್ಬಿಯಲ್ಲಿ, ಬಿಸಿ ಸಾರು ಫ್ಲಾಸ್ಕಿನಲ್ಲಿ. ಬೆಂಚಿನ ಮೇಲೆ ಎರಡನ್ನೂ ಬೆರೆಸಿ ಕೊಡುತ್ತಿದ್ದ. ನೊಯೆಮಿಯ ವಿಷಯ ಅವನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಗಿರಣಿಯ ಸುದ್ದಿ, ರೊಟ್ಟಿ ಅಂಗಡಿಯವಳ ಬಾಯಿ, ಮಂಡಿನೋವು, ಇಷ್ಟೇ. ವಾರದಿಂದ ವಾರಕ್ಕೆ ಅವಳು ತಿನ್ನುವುದು ಕಡಿಮೆಯಾಗುತ್ತಿರುವುದನ್ನು ನೋಡಿಯೂ ಅವನು ಸುಮ್ಮನಿದ್ದ.

ಮಾರ್ಚ್ ಕೊನೆಯ ಗುರುವಾರ ಅವನು ಚೌಕಕ್ಕೆ ಬಂದಾಗ ಬೆಂಚಿನ ಮೇಲೆ ನೊಯೆಮಿ ಕೂತಿದ್ದಳು. ಕಪ್ಪು ಉಡುಪು. ತಲೆ ಬಾಚಿರಲಿಲ್ಲ.

"ಬೆಳಿಗ್ಗೆ ಆರಕ್ಕೆ," ಎಂದಳು. "ನಿದ್ದೇಲೇ ಹೋದ್ಲು. ನಿಂಗೆ ಫೋನಲ್ಲಿ ಹೇಳೋಕೆ ಮನಸ್ಸು ಒಪ್ಪಲಿಲ್ಲ."

ಅವನು ಪಕ್ಕದಲ್ಲಿ ಕೂತ. ಏನು ಮಾಡುತ್ತಿದ್ದೇನೆಂದು ತಿಳಿಯದೆ ಡಬ್ಬಿ ತೆರೆದ, ಫ್ಲಾಸ್ಕಿನಿಂದ ಸಾರು ಬಗ್ಗಿಸಿದ, ನಿಂಬೆಹಣ್ಣು ಹಿಂಡಿದ. ಎಲ್ಲ ಮುಗಿದ ಮೇಲೆ ಅದನ್ನು ಯಾರಿಗೆ ಕೊಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡ. ನೊಯೆಮಿ ಅದನ್ನು ಇಸಿದುಕೊಂಡು ತಿಂದಳು, ಅಳುತ್ತಾ, ಒಂದು ಎಳೆ ಬಿಡದೆ. ಅವಳು ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ.

"ಮನೆಗೆ ಬಾ, ಕಾಸಿ. ಅಲ್ಲಿ ನಿನ್ನನ್ನ ಯಾರೂ ಏನೂ ಅನ್ನಲ್ಲ."

ಅವನು ಹೋದ. ಶವದ ಸುತ್ತ ನಾಲ್ಕು ಮೊಂಬತ್ತಿ ಉರಿಯುತ್ತಿದ್ದವು. ಎವೇಲಿಯೊ ಮೆತ್ತಗಿನ ಮನುಷ್ಯ, ಬಕ್ಕತಲೆಯವನು. ಕಾಫಿಯ ಲೋಟ ತಂದು ಎರಡೂ ಕೈಯಲ್ಲಿ ಹಿಡಿದುಕೊಟ್ಟು, "ದಿನಾ ನಿಮ್ಮ ಮಾತೇ ಆಡ್ತಿದ್ರು," ಎಂದ. ಅವನನ್ನು ದ್ವೇಷಿಸಲು ಕಾಸಿಮೀರೊ ಐದು ತಿಂಗಳಿಂದ ತಯಾರಾಗಿದ್ದ. ಕಾಫಿ ಕುಡಿದ. ದ್ವೇಷ ಬರಲಿಲ್ಲ, ಬಾರದ್ದಕ್ಕೇ ಇನ್ನೂ ಹೆಚ್ಚು ನೋವಾಯಿತು.

ಮಣ್ಣಾದ ಮೇಲಿನ ಒಂಬತ್ತು ದಿನವೂ, ಕೆಲಸವಿದ್ದ ದಿನ ಗಿರಣಿಯಿಂದ ನೇರವಾಗಿ, ಬಸ್ಸು ಹಿಡಿದು, ಸಂಜೆಯ ಜಪಕ್ಕೆ ಬಂದ. ಹಿಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಜಪಸರದ ಮಣಿ ಎಣಿಸಿ ಹೋಗುತ್ತಿದ್ದ. ಶವ ಇಟ್ಟಿದ್ದ ಜಾಗದಲ್ಲಿ ಸುಣ್ಣದಿಂದ ಬರೆದ ಶಿಲುಬೆಯನ್ನು ಒಂಬತ್ತನೆಯ ದಿನ ಗುಡಿಸಿ ಎತ್ತಬೇಕು. ಎತ್ತುವವರನ್ನು ಮನೆಯವರೇ ಆರಿಸಬೇಕು. ನೊಯೆಮಿ ಜನರ ನಡುವೆ ಬಂದು ಅವನ ಮುಂದೆ ನಿಂತಳು.

"ನೀನೇ ಎತ್ಬೇಕು. ಅಮ್ಮ ಹೇಳಿ ಹೋಗಿದಾಳೆ."

ಅವನು ಮಂಡಿಯೂರಿ, ಮೊದಲು ತಲೆಯ ಕಡೆಯ ಸುಣ್ಣ, ಆಮೇಲೆ ಎರಡು ತೋಳು, ಕೊನೆಗೆ ಕಾಲ ಕಡೆಯದನ್ನು ಹೂವಿನಿಂದ ಗುಡಿಸಿ ಡಬ್ಬಿಗೆ ತುಂಬಿದ. ಸುತ್ತಲಿದ್ದವರು ಹಾಡುತ್ತಿದ್ದರು. ಆತುರ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಗೋರಿಯ ಮೇಲೆ ಸುರಿದು ಬಂದರು. ಸ್ಮಶಾನದ ಗೇಟಿನಲ್ಲಿ ನೊಯೆಮಿ ಅವನ ಕೆನ್ನೆಗೆ ಕೆನ್ನೆ ತಾಗಿಸಿ, "ವರ್ಷದ ಪೂಜೆಗೆ ಬಾ," ಎಂದಳು.

"ಬರ್ತೀನಿ."

ಮುಂದಿನ ಗುರುವಾರ ರಜೆ. ಎಂದಿನಂತೆ ಎದ್ದು, ಸ್ನಾನ ಮಾಡಿ, ಬೂಟು ಕಟ್ಟಿಕೊಂಡ. ಬಾಗಿಲ ತನಕ ಬಂದವನಿಗೆ ಪ್ವೆಬ್ಲಾದಲ್ಲಿ ಇನ್ನು ತನಗೆ ಯಾರೂ ಇಲ್ಲವೆಂದು ಆಗ ಹೊಳೆಯಿತು. ಹಿಂದಕ್ಕೆ ಬಂದು ಬೂಟು ಬಿಚ್ಚದೆ ಮಂಚದ ಮೇಲೆ ಕೂತ. ಮಧ್ಯಾಹ್ನದ ತನಕ ಹಾಗೇ ಕೂತಿದ್ದ. ರೊಟ್ಟಿ ಅಂಗಡಿಯವಳು, ರೊಟ್ಟಿ ಕೊಳ್ಳಲು ಇವತ್ತು ಯಾಕೆ ಬರಲಿಲ್ಲವೆಂದು ನೋಡಲು ಬಂದವಳು, ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಂಡು, ರೊಟ್ಟಿಯನ್ನು ಬಾಗಿಲ ಬಳಿ ಇಟ್ಟು ವಾಪಸ್ಸು ಹೋದಳು.