ಸ್ಟೀರಿಂಗಿಗೆ ಕಟ್ಟಿದ ದಾರ

ಮಗಳು ರೇಸ್ ಕಾರು ಓಡಿಸುವುದು ನನಗೆ ಇಷ್ಟವಿಲ್ಲ ಎಂದು ನಮ್ಮೂರು ಕೂಟಗಲ್ಲಿನ ನಾಯಿಗಳಿಗೂ ಗೊತ್ತು. ಮದುವೆ ವಯಸ್ಸಿನ ಹುಡುಗಿ ಹೆಲ್ಮೆಟ್ ಹಾಕಿಕೊಂಡು ಮಣ್ಣು ರಸ್ತೆಯಲ್ಲಿ ಧೂಳೆಬ್ಬಿಸಿದರೆ ಯಾವ ತಾಯಿಗೆ ನಿದ್ದೆ ಬರುತ್ತದೆ? ಬೈದೆ, ಅತ್ತು ಕರೆದೆ, ಊಟ ಬಿಟ್ಟೆ. ಭಾನುಪ್ರಿಯ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ, ಹಟದಲ್ಲಿ ನನಗಿಂತ ಒಂದು ಕೈ ಮೇಲು.

ಅದಕ್ಕೇ ದಾರ ಕಟ್ಟಿದ್ದು. ಊರಮ್ಮನ ಗುಡಿಯಲ್ಲಿ ಮಂತ್ರಿಸಿ ಕೊಟ್ಟ ಕರಿದಾರ. ಅವಳ ಕೈಗೆ ಕಟ್ಟಿದರೆ "ಇವೆಲ್ಲ ಬ್ಯಾಡ ಕಣವ್ವ" ಎಂದು ಕಿತ್ತೆಸೆಯುತ್ತಾಳೆ. ಹೋದ ಶುಕ್ರವಾರ ಡೈರಿಗೆ ಹಾಲು ಹಾಕಿ, ಗ್ಯಾರೇಜಿನ ಅಕ್ರಮ್ ಟೀ ಕುಡಿಯಲು ಹೋಗಿದ್ದ ಹೊತ್ತು ನೋಡಿ, ಕಾರಿಗೇ ಕಟ್ಟಿಬಿಟ್ಟೆ. ಸ್ಟೀರಿಂಗ್ ಚಕ್ರದ ಹಿಂದೆ ಕಬ್ಬಿಣದ ಬಳೆಯಂಥದ್ದೊಂದು ಇತ್ತು. ಬಳೆಗೂ ಚಕ್ರಕ್ಕೂ ನಡುವೆ ಸಣ್ಣ ಸಂದಿ. ದಾರ ಸುತ್ತಲೆಂದೇ ದೇವರು ಮಾಡಿಟ್ಟ ಜಾಗ ಎಂದುಕೊಂಡೆ. ಸಂದಿ ತುಂಬ ಬಿಗಿಯಾಗಿ ಸುತ್ತಿ, ಗಂಟು ಕಾಣದಂತೆ ಒಳಗೆ ತುರುಕಿದೆ. ಭಾನುವಾರ ಅವಳು ಪ್ರಾಕ್ಟೀಸಿಗೆ ಓಡಿಸುವಾಗ ಮೊದಲ ಸಲ ನೆಮ್ಮದಿಯಾಗಿ ಕೂತು ಕಡಲೆಕಾಯಿ ತಿಂದೆ.

ಇವತ್ತು ಗ್ಯಾರೇಜಿನ ಮುಂದೆ ಬೇರೆಯೇ ಪಾಠ. ಕಾರಿಗೆ ಬೆಂಕಿ ಬಿದ್ದರೆ ಹೊರಗೆ ಬರುವುದು ಹೇಗೆ ಎಂದು. ಕಲಿಸುವವರು ಹುಸೇನ್, ಹಿಂದೆ ತಾವೇ ರೇಸ್ ಓಡಿಸಿದವರು.

"ನಿನ್ನ ಬಾಗ್ಲು ಜಾಮ್ ಆಗೈತೆ ಅಂದ್ಕೊ. ಬೆಲ್ಟ್ ಬಿಚ್ಚು, ಸ್ಟೀರಿಂಗ್ ಕಿತ್ತಾಕು, ಆ ಕಡೆ ಕಿಟಕೀಲಿ ಆಚೆಗ್ ಬಾ. ನಾನು ಹತ್ತು ಎಣಿಸೋದ್ರೊಳಗೆ. ಆಗ್ಲಿಲ್ಲಾಂದ್ರೆ ಮುಂದಿನ ವಾರ ರೇಸ್ ಇಲ್ಲ," ಎಂದರು, ಕಾರಿನೊಳಗೆ ಕೂತಿದ್ದ ಭಾನುವಿಗೆ.

"ಸ್ಟೀರಿಂಗ್ ಕೀಳೋದಾ?" ಎಂದೆ ನಾನು.

"ಹಿಂದ್ಗಡೆ ಬಳೆ ಐತಲ್ಲ, ಅದ ಚಕ್ರದ ಕಡೆಗೆ ಎಳುದ್ರೆ ಚಕ್ರ ಕೈಗೇ ಬಂದ್ಬುಡ್ತದೆ ಕಣಕ್ಕ," ಎಂದ ಅಕ್ರಮ್. "ಇಲ್ದಿದ್ರೆ ಕಾರೊಳಗೆ ಸುತ್ತ ಹಾಕಿರೋ ಆ ಕಂಬಿಗಳ ನಡುವೆ ನುಸುಳಕ್ಕಾಯ್ತದಾ?"

ಬಳೆ ಎಂದ ಕೂಡಲೇ ನಾನು ಸುತ್ತಿದ ದಾರ ನೆನಪಾಯಿತು.

ಹುಸೇನ್ ಸೀಟಿ ಊದಿದರು. ಬೆಲ್ಟ್ ಬಿಚ್ಚಿತು. ಬಳೆ ಅಲ್ಲಾಡಲಿಲ್ಲ. ಎಣಿಕೆ ಮುಗಿಯಿತು, ಮಗಳು ಒಳಗೇ ಇದ್ದಳು.

"ಏನಮ್ಮ, ಮುದ್ದೆ ಉಂಡಿಲ್ವಾ?" ಎಂದು ಅಕ್ರಮ್ ರೇಗಿಸಿದ.

ಆಗಲೇ ಹೇಳಬೇಕಿತ್ತು. ಬಾಯಿ ಬಿಡಲಿಲ್ಲ. ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಯೊಂದೇ ಅಲ್ಲ. ಇವಳು ಸೋತರೆ ರೇಸ್ ತಪ್ಪುತ್ತದೆ, ಮನೆಯಲ್ಲಿರುತ್ತಾಳೆ, ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಅನ್ನಿಸಿತು. ಥೂ, ಎಂಥ ತಾಯಿ ನಾನು!

ಇನ್ನೊಂದು ಸಲ ಸೀಟಿ. ಹೆಲ್ಮೆಟ್ಟಿನೊಳಗೆ ಅವಳು ಮುಲುಗುವುದು ಕೇಳುತ್ತಿತ್ತು. ಬಳೆ ಎಳೆದೆಳೆದು ಅವಳ ಉಗುರು ಕಿತ್ತು ರಕ್ತ ಬಂತು.

"ಒಸಿ ಎಣ್ಣೆ ಬುಡ್ಲಾ?" ಎಂದು ಅಕ್ರಮ್ ಬಗ್ಗಿದ.

"ಗಾಡಿದೇನಿಲ್ಲ ಬುಡಣ್ಣ. ನನ್ ಕೈಲೇ ಶಕ್ತಿ ಇಲ್ಲ. ಅವ್ವ ಹೇಳ್ತಾನೇ ಇದ್ಲು, ಇದು ನಿನ್ ಕೈಲಾಗೋ ಕೆಲ್ಸ ಅಲ್ಲ ಅಂತ."

ಬೇರೆ ಏನಂದಿದ್ದರೂ ತಡೆದುಕೊಳ್ಳುತ್ತಿದ್ದೆನೇನೋ. ಓಡಿಹೋಗಿ ಕಿಟಕಿಯೊಳಗೆ ತಲೆ ತೂರಿಸಿ ಗಂಟು ಹುಡುಕಿದೆ. ಬೆರಳಿಗೆ ಸಿಗಲಿಲ್ಲ. ದಾರವನ್ನೇ ಹಲ್ಲಿನಿಂದ ಕಚ್ಚಿ ಹರಿದೆ. ಬಳೆ ಸರಿಯಿತು, ಚಕ್ರ ಅವಳ ಮಡಿಲಿಗೆ ಬಿತ್ತು.

"ನಿನ್ನ ಕೈದಲ್ಲ ಕಣವ್ವ ತಪ್ಪು. ನಂದು. ನಿಂಗೇನೂ ಆಗ್ದಿರ್ಲಿ ಅಂತ ನಾನೇ ಕಟ್ಟಿದ್ದೆ."

ಭಾನು ಹೆಲ್ಮೆಟ್ ತೆಗೆದು ದಾರವನ್ನು ನೋಡಿದಳು.

"ಯಾವಾಗ ಕಟ್ಟಿದ್ದು?"

"ಶುಕ್ರವಾರ."

"ಭಾನುವಾರ ಓಡ್ಸುದ್ನಲ್ಲವ್ವ."

ಅವತ್ತೇ ಬೆಂಕಿ ಬಿದ್ದಿದ್ದರೆ? ಭಾನುವಾರ ನಾನು ಕಡಲೆಕಾಯಿ ತಿನ್ನುತ್ತಿದ್ದೆ.

"ಬೈದ್ಬುಡು ಕಣೇ," ಎಂದೆ. ಬೈಯಲಿಲ್ಲ. ಹೆಲ್ಮೆಟ್ ಹಾಕಿದಳು, ಚಕ್ರ ಸಿಕ್ಕಿಸಿದಳು, ಬೆಲ್ಟ್ ಬಿಗಿದಳು.

"ಊದಿ ಸರ್."

ಎಣಿಕೆ ಇನ್ನೂ ಬಾಕಿಯಿರುವಾಗಲೇ ಕಿಟಕಿಯಿಂದ ಜಾರಿ ನನ್ನ ಕಾಲ ಹತ್ತಿರ ಮಣ್ಣಿಗೆ ಬಿದ್ದಳು. ಅಕ್ರಮ್ ಚಪ್ಪಾಳೆ ತಟ್ಟಿದ. ಎಬ್ಬಿಸಲು ನಾನು ಕೈ ಚಾಚಿದೆ.

ಅವಳು ಆ ಕೈಯನ್ನು ನೋಡಿದಳು. ಆಮೇಲೆ ನೆಲಕ್ಕೆ ಕೈಯೂರಿ ತಾನೇ ಎದ್ದಳು.