ಎರಡು ಸಾವಿರದ ನಾನೂರ ಹತ್ತು ಹೆಜ್ಜೆ

೧

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟು ‘ಇನ್ನೂರು ವರ್ಷಗಳ ಹಿಂದೆ ಹನ್ನೊಂದು ಮಂದಿ ಈ ಬೆಟ್ಟಸಾಲು ದಾಟುವ ದಾರಿ ಹುಡುಕುತ್ತ ಹೊರಟರು’ ಎಂದು ಭಾರಿ ಗಂಭೀರವಾಗಿ ಶುರುವಾಗಿತ್ತು. ಮೂರನೆಯ ಸಾಲಿಗೆ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. ಥ್ಯಾಂಕ್ಸ್ ಏನೂ ಬೇಡ ಓದುಗರೇ.

೨

ಹೀಗಾಗಲಿ. ಕಲ್ಲಿನಲ್ಲಿ ಅಕ್ಷರ ಕೆತ್ತುವವಳೊಬ್ಬಳು. ಊರೆಲ್ಲ ಅವಳನ್ನು ಅಕ್ಷರದಕ್ಕ ಎನ್ನುತ್ತದೆ. ಆ ಹನ್ನೊಂದು ಮಂದಿಯ ನೆನಪಿಗೆ ಅವರ ದಾರಿಯಲ್ಲೊಂದು ಕಲ್ಲು ನಿಲ್ಲಿಸಲು ಇತಿಹಾಸ ಇಲಾಖೆಯ ಅಧಿಕಾರಿ ಅವಳಿಗೆ ಕೆಲಸ ಒಪ್ಪಿಸಿದ್ದಾನೆ. ಬರಹದ ಮೊದಲ ಸಾಲು: ‘ಇಲ್ಲಿ ಅವರಿಗೆ ನೀರು ಸಿಕ್ಕಿತು.’

ಅವಳ ಅಪ್ಪನದೂ ಇದೇ ಕಸುಬು. ‘ಕಲ್ಲು ನಿಲ್ಲೋ ಜಾಗ ನೋಡದೆ ಉಳಿ ಮುಟ್ಟಬೇಡ ಮಗಳೇ’ ಎಂದು ಬದುಕಿದ್ದಷ್ಟು ದಿನ ಅವಳ ತಲೆ ತಿಂದಿದ್ದ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ತಿಳಿಯದೆ ಅಕ್ಷರದ ಆಳ ಗೊತ್ತುಮಾಡುವುದು ಹೇಗೆ? ಅದಕ್ಕೇ ಹೊರಟಳು. ಕೈಯಲ್ಲಿ ಅಧಿಕಾರಿ ಕೊಟ್ಟ ಹಳೆಯ ದಿನಚರಿಯ ಒಂದು ಹಾಳೆ: ‘ಹಳ್ಳ ದಾಟಿದಲ್ಲಿಂದ ನೇರ ಉತ್ತರಕ್ಕೆ ೨೪೧೦ ಹೆಜ್ಜೆ. ಸೀಳುಬಂಡೆ. ಬುಡದಲ್ಲಿ ನೀರು.’ ತಂಡದಲ್ಲಿ ಹೆಜ್ಜೆ ಎಣಿಸುವುದಕ್ಕೆಂದೇ ಒಬ್ಬನಿದ್ದ. ದಿನಚರಿಯಲ್ಲಿ ಅವನಿಗೆ ಹೆಸರಿಲ್ಲ, ಎಣಿಕೆಯವನು, ಅಷ್ಟೇ.

(ಬೆಟ್ಟದ ಈಚೆಯಿಂದ ಆಚೆಯವರೆಗೆ ಒಂದೊಂದೇ ಹೆಜ್ಜೆ ಎಣಿಸುತ್ತ ನಡೆದ ಮನುಷ್ಯ! ನಡುವೆ ಯಾರಾದರೂ ಮಾತಾಡಿಸಿದರೆ ಎಷ್ಟು ಸಿಟ್ಟು ಬರುತ್ತಿತ್ತೋ. ಇದನ್ನು ಬರೆಯುವಾಗ ನನ್ನ ಕೈ ತಾನಾಗಿ ನಿಂತಿತು.)

೨, ಮತ್ತೊಮ್ಮೆ

ಮುಖ್ಯವಾದದ್ದನ್ನೇ ಹೇಳಲು ಮರೆತೆ. ಅಕ್ಷರದಕ್ಕನ ಎಡಗಾಲು ಬಲಗಾಲಿಗಿಂತ ಗಿಡ್ಡ. ಚಿಕ್ಕಂದಿನಲ್ಲಿ ನಡಿಗೆ ರೂಢಿಮಾಡಿಸಲು ಅಪ್ಪ ಅವಳಿಂದ ಹೆಜ್ಜೆ ಎಣಿಕೆ ಮಾಡಿಸುತ್ತಿದ್ದ. ನೂರಕ್ಕೊಂದು ಕಲ್ಲಿನ ಚೂರು ಒಂದು ಜೇಬಿನಿಂದ ಇನ್ನೊಂದಕ್ಕೆ. ಈಗಲೂ ಆ ಚಾಳಿ ಬಿಟ್ಟಿಲ್ಲ.

ಹಳ್ಳದಿಂದ ಹೊರಟಳು. ಇಪ್ಪತ್ತನಾಲ್ಕು ಚೂರು ಜೇಬು ಬದಲಿಸಿದವು. ಮೇಲೆ ಹತ್ತು ಹೆಜ್ಜೆ. ಎದುರಿಗೆ ಪೊದೆ. ಸರಿಸಿದರೆ ನಡುಮಧ್ಯೆ ಸೀಳಿದ ಬಂಡೆ. ಬುಡದಲ್ಲಿ ಅಂಗೈಯಗಲದ ನೀರು.

ಅವಳು ಅಲ್ಲೇ ಕೂತುಬಿಟ್ಟಳು. ಕಲ್ಲು ನಿಲ್ಲಬೇಕಾದ ಜಾಗವೆಂದು ಇಲಾಖೆಯವರು ನೆಟ್ಟಿದ್ದ ಗೂಟ ಇನ್ನೂ ನಾನೂರೈವತ್ತು ಮೀಟರ್ ಮುಂದೆ, ಪಾರ್ಕಿಂಗ್ ಪಕ್ಕದಲ್ಲಿ. ಅವರು ಹೆಜ್ಜೆಗೆ ಎರಡೂವರೆ ಅಡಿ ಎಂದು ಗುಣಿಸಿದ್ದರು. ಎಣಿಕೆಯವನು ಕುಂಟುತ್ತಿದ್ದಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಇಡೀ ದಾರಿಯನ್ನು ಅಳೆದದ್ದು ತನ್ನಂಥದೇ ಒಂದು ಕಾಲು! ಅವಳಿಗೆ ಅಳುವೂ ಬಂತು, ನಗುವೂ ಬಂತು. ಬೊಗಸೆಯಲ್ಲಿ ನೀರು ತುಂಬಿಕೊಂಡು ಬಹಳ ಹೊತ್ತು ಕುಡಿಯದೆ ಹಿಡಿದಿದ್ದಳು.

೪

(೩ ಬಿಟ್ಟಿದ್ದೇನೆ. ಅದರಲ್ಲಿ ಅವಳಿಗೂ ಅಧಿಕಾರಿಗೂ ಪ್ರೇಮ ಶುರುವಾಗಿತ್ತು. ಅವಳು ಉಳಿ ತೋರಿಸಿದಳು. ಅಳಿಸಿದೆ.)

“ಗೂಟ ತಪ್ಪು ಜಾಗದಲ್ಲಿದೆ ಸರ್. ನನ್ನ ಹೆಜ್ಜೇಲಿ ಎಣಿಸಿದ್ರೆ ಸೀಳುಬಂಡೆ ಸಿಕ್ತು. ಅಲ್ಲಿ ನಿಲ್ಲೋ ಕಲ್ಲಿಗೆ ‘ಇಲ್ಲಿ’ ಅಂತ ನಾನು ಕೆತ್ತಲ್ಲ.”

“ಅಕ್ಕಾ, ಮ್ಯಾಪ್ ಪ್ರಿಂಟಾಗಿದೆ. ಬುಧವಾರ ಉದ್ಘಾಟನೆ. ನಿಮ್ಮ ಕಾಲನ್ನ ಸಾಕ್ಷಿ ಅಂತ ಫೈಲಲ್ಲಿ ಹಾಕೋಕಾಗುತ್ತಾ? ಬೆಟ್ಟದಲ್ಲಿ ಬಂಡೆಗೇನು ಬರವಾ?”

“ಬುಡದಲ್ಲಿ ನೀರಿರೋ ಬಂಡೆಗೆ?”

“ನೀವು ಕೆತ್ತದಿದ್ರೆ ಮೆಷಿನ್ನಲ್ಲಿ ಕೊರೆಸ್ತೀನಿ. ಬೇಜಾರು ಮಾಡ್ಕೋಬೇಡಿ.”

ಅವಳಿಗೆ ಕೆಲಸ ಹೋಗುವ ಚಿಂತೆಯಿರಲಿಲ್ಲ. ಹೆಸರನ್ನು ಕಳೆದುಕೊಂಡವನು ಈಗ ಹೆಜ್ಜೆಯನ್ನೂ ಕಳೆದುಕೊಳ್ಳುತ್ತಾನಲ್ಲ ಎಂಬುದೇ ಸಂಕಟ. ನನಗೆ ನೋಡಲಾಗಲಿಲ್ಲ, ಬಾಯಿ ಹಾಕಿದೆ.

“ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ ಅಕ್ಕಾ? ಆ ಬಂಡೆ ಅಲ್ಲಿಟ್ಟವನು ನಾನು. ೨೪೧೦ ಅನ್ನೋದೂ ನನಗೆ ತೋಚಿದ ಸಂಖ್ಯೆ.”

“ಬಂಡೆ ನೀವಿಟ್ಟಿರಬಹುದು. ನಡೆದೋಳು ನಾನು. ನೀವು ಆ ಕುರ್ಚಿಯಿಂದ ಒಂದ್ಸಲನಾದ್ರೂ ಎದ್ದಿದ್ದೀರಾ?”

ಎದ್ದಿರಲಿಲ್ಲ.

೫

ಅಂತ್ಯಗಳು ಎರಡಿವೆ, ಆರಿಸಿಕೊಳ್ಳಿ.

ಅ) ಅಧಿಕಾರಿ ಮನಸ್ಸು ಕರಗಿ ಗೂಟ ಕೀಳಿಸುತ್ತಾನೆ. (ಇಂಥ ಅಧಿಕಾರಿಯನ್ನು ಕಂಡಿದ್ದರೆ ನನಗೂ ತಿಳಿಸಿ.)

ಆ) ಮೆಷಿನ್ ಗೆಲ್ಲುತ್ತದೆ. (ಇದನ್ನು ಬರೆದ ದಿನ ನನಗೆ ಊಟ ಸೇರಲಿಲ್ಲ.)

ಅಕ್ಷರದಕ್ಕ ಎರಡನ್ನೂ ಒಪ್ಪಲಿಲ್ಲ. ಮುಂದಿನದು ಅವಳದೇ.

ಮಂಗಳವಾರ ಬೆಳಿಗ್ಗೆ ಅಧಿಕಾರಿ ಬಂದಾಗ ಬರಹವೆಲ್ಲ ಮುಗಿದಿತ್ತು. ‘ಇಲ್ಲಿ’ ಎಂಬಷ್ಟು ಜಾಗ ಮಾತ್ರ ಖಾಲಿ. ಕಲ್ಲನ್ನು ಕೂರಿಸುವ ನಾಲ್ಕಡಿ ಪೀಠದ ಅಂಚಿನಲ್ಲಿ ಮೂರು ಗೀಟು ಎಳೆದಿದ್ದಳು.

“ಇದೇನು ಗೀಟು?”

“ಆ ಎಣಿಕೆಯವನ ಎರಡು ಹೆಜ್ಜೆ. ಒಂದು ಉದ್ದ, ಒಂದು ಗಿಡ್ಡ. ಕಾಲಿಟ್ಟು ನೋಡಿ. ಆಮೇಲೆ ಹಳ್ಳದಿಂದ ಹಾಗೇ ನಡೀರಿ. ನಡೆದು ಬಂದ ಮೇಲೂ ಗೂಟದ ಹತ್ರಾನೇ ಅಂದ್ರೆ, ಆ ಒಂದು ಪದ ಕಣ್ಮುಚ್ಚಿ ಕೆತ್ತಿಕೊಡ್ತೀನಿ.”

ಅವನು ನಕ್ಕ. ಶೂ ಬಿಚ್ಚಿ ಗೀಟುಗಳ ಮೇಲೆ ಕಾಲಿಟ್ಟ. ಸೊಂಟ ಒಂದು ಕಡೆಗೆ ವಾಲಿತು, ನಗು ನಿಂತಿತು. ಅವಳು ಅವನ ಅಂಗೈಗೆ ಇಪ್ಪತ್ತನಾಲ್ಕು ಚೂರು ಸುರಿದಳು.

೬

ಈಗ ಅವನು ಹಳ್ಳ ದಾಟಿ ಉತ್ತರಕ್ಕೆ ನಡೆಯುತ್ತಿದ್ದಾನೆ. ಒಂದು ಉದ್ದ, ಒಂದು ಗಿಡ್ಡ. ಮೊದಲು ಯಾರಾದರೂ ನೋಡಿಯಾರೆಂದು ಅತ್ತಿತ್ತ ತಿರುಗುತ್ತಿದ್ದವನು ಈಗ ತಿರುಗುತ್ತಿಲ್ಲ. ಹದಿನೇಳು ಚೂರು ಜೇಬು ಬದಲಿಸಿವೆ. ತುಟಿ ಅಲ್ಲಾಡುತ್ತಿದೆ. ಇನ್ನೂರು ವರ್ಷಗಳ ನಂತರ ಆ ದಾರಿಯಲ್ಲಿ ಎಣಿಕೆಯವನೊಬ್ಬ ಮತ್ತೆ ಎಣಿಸುತ್ತಿದ್ದಾನೆ.

ಪೊದೆ ಸರಿಸುತ್ತಾನೋ, ಬಳಸಿಕೊಂಡು ಗೂಟದ ಕಡೆ ಹೋಗುತ್ತಾನೋ ನನಗೆ ಗೊತ್ತಿಲ್ಲ. ಆ ಪೊದೆ ಈಗ ನನ್ನ ಮಾತು ಕೇಳುವಂತೆ ಕಾಣುತ್ತಿಲ್ಲ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೇನೆ. ‘ಏನಾಯ್ತು?’ ಎಂದು ಕೇಳಬೇಕೆಂದು ನಿಮಗೂ ಅನಿಸುತ್ತಿರಬಹುದು.

ದಯವಿಟ್ಟು ಕೂಗಬೇಡಿ. ಅವನ ಎಣಿಕೆ ತಪ್ಪುತ್ತದೆ.